ಪಾಸ್‌ಬುಕ್ಕಿನ ಒಡತಿ ಯಾರು?

ನಮ್ಮ ಕರಾವಳಿಯವರಿಗೆ ಬ್ಯಾಂಕ್ ಎಂದರೆ ಹೆಮ್ಮೆ. ಮುಂದೆ ಕೆನರಾ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದದ್ದನ್ನು ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿಯೂ ಹುಟ್ಟುಹಾಕಿದ್ದು ಒಂದೇ ವರ್ಷ, 1906ರಲ್ಲಿ. ಆದರೆ ಇದೇ ಜಿಲ್ಲೆಗಳ ಬೀಡಿ ಕಟ್ಟುವ ಹೆಂಗಸರಿಗೆ ಬ್ಯಾಂಕಿನ ಮೆಟ್ಟಿಲು ಬಹುಕಾಲ ಎತ್ತರವಾಗಿಯೇ ಉಳಿಯಿತು.

ನನ್ನ ಉಮ್ಮನೂ ಬೀಡಿ ಕಟ್ಟುತ್ತಿದ್ದರು. ವಾರದ ಮಜೂರಿಯಲ್ಲಿ ಉಳಿದ ಚಿಲ್ಲರೆ ಅಕ್ಕಿ ಡಬ್ಬಿಯ ತಳ ಸೇರುತ್ತಿತ್ತು. ಮಕ್ಕಳಿಗೆ ಜ್ವರ ಬಂದರೆ ಆ ಡಬ್ಬಿ. ಅದೂ ಸಾಲದಿದ್ದರೆ ಕಿವಿಯ ಚಿನ್ನ. ಅಡವಿಗೆ ಹೋದ ಚಿನ್ನ ಮರಳಿ ಬರುತ್ತದೆಂಬ ಖಾತ್ರಿಯಿರಲಿಲ್ಲ. ಬ್ಯಾಂಕಿಗೆ ಹೋಗಬೇಕಾದರೆ ಒಂದು ದಿನದ ಬೀಡಿ ಬಿಡಬೇಕು, ಬಸ್ಸಿಗೆ ತೆರಬೇಕು, ಪರಿಚಯದ ಸಹಿಗೆ ಯಾರನ್ನಾದರೂ ಬೇಡಬೇಕು, ಖಾತೆಯಲ್ಲಿ ಕನಿಷ್ಠ ಮೊತ್ತ ಇಡಬೇಕು. ಇಷ್ಟೆಲ್ಲ ಯಾವ ಉಳಿತಾಯಕ್ಕಾಗಿ?

ಈ ಗೋಡೆ ಕುಸಿಯತೊಡಗಿದ್ದು 2005ರಲ್ಲಿ. ಕನಿಷ್ಠ ಮೊತ್ತವಿಲ್ಲದೆ ಅಥವಾ ತೀರಾ ಅಲ್ಪ ಮೊತ್ತದಲ್ಲಿ ಬಡವರಿಗೆ ಖಾತೆ ತೆರೆಯಿರಿ ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತು. 2014ರ ಆಗಸ್ಟ್ 28ರಂದು ಜನಧನ ಯೋಜನೆ ಬಂತು. ಅದರ ಖಾತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರವು. 2020ರ ಲಾಕ್‌ಡೌನ್‌ನಲ್ಲಿ ಮೂರು ತಿಂಗಳು ತಲಾ 500 ರೂಪಾಯಿ ಆ ಮಹಿಳೆಯರ ಖಾತೆಗಳಿಗೇ ಜಮೆಯಾಯಿತು. 2023ರಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿಯೂ ಮನೆಯ ಯಜಮಾನಿಯ ಖಾತೆಯನ್ನೇ ಹುಡುಕಿಕೊಂಡು ಬಂತು. ಇದು ಸಣ್ಣ ಮಾತಲ್ಲ.

ಆದರೆ ಖಾತೆ ತೆರೆಯುವುದೇ ಗುರಿಯಾದರೆ ಸಾಕೆ? 2023ರ ಡಿಸೆಂಬರ್‌ನಲ್ಲಿ ಸರಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ಸುಮಾರು 51 ಕೋಟಿ ಜನಧನ ಖಾತೆಗಳಲ್ಲಿ 10 ಕೋಟಿಗೂ ಹೆಚ್ಚು ನಿಷ್ಕ್ರಿಯವಾಗಿದ್ದವು. ಅಂದರೆ ಎರಡು ವರ್ಷಗಳಿಂದ ಖಾತೆದಾರರ ಯಾವ ವ್ಯವಹಾರವೂ ಅವುಗಳಲ್ಲಿ ನಡೆದಿರಲಿಲ್ಲ.

ಉಳಿದ ಖಾತೆಗಳ ಕಥೆ ನನಗೆ ನೆರೆಮನೆಗಳಲ್ಲಿ ಕಾಣುತ್ತದೆ. ಹಣ ಬಂತೋ ಇಲ್ಲವೋ ಎಂದು ಕೇಳಲು ಪಾಸ್‌ಬುಕ್ ಹಿಡಿದು ನನ್ನ ಬಳಿ ಬರುವವರಿದ್ದಾರೆ. ಒಬ್ಬರ ಎಟಿಎಂ ಕಾರ್ಡು ಮಗನ ಜೇಬಿನಲ್ಲಿ, ಗುಪ್ತಸಂಖ್ಯೆ ಅವನ ಬಾಯಲ್ಲಿ. ಇನ್ನೊಬ್ಬರು ಹಿರಿಯ ಹೆಂಗಸು, ಬೆರಳಚ್ಚಿನ ಯಂತ್ರದ ಮುಂದೆ ಮೂರು ಬಾರಿ ಸೋತು ಬಂದವರು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ ಅವರ ಬೆರಳಿನ ಗೆರೆಗಳು ಸವೆದಿವೆ. "ನಾನು ನಾನೇ ಅಂತ ಅದಕ್ಕೆ ಗೊತ್ತಾಗೋದಿಲ್ಲ ಮಗಾ" ಎಂದರು. ದುಡಿದ ಕೈಯೇ ದುಡ್ಡಿಗೆ ಅಡ್ಡಿಯಾಗುವುದು ಎಂಥ ವಿಪರ್ಯಾಸ!

ಇದಕ್ಕೆ ದಾರಿ ಹೊರಗಿನಿಂದ ಬರಬೇಕಿಲ್ಲ. 1928ರಲ್ಲೇ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಆರಂಭಿಸಿತ್ತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟರೇ ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ಬಡವರ ಸಮಯಕ್ಕೂ ಬೆಲೆಯಿದೆ ಎಂದು ಆ ಯೋಜನೆ ಅರಿತಿತ್ತು.

ಇಂದು ಹಳ್ಳಿಗೆ ಬ್ಯಾಂಕ್ ಮಿತ್ರರು ಬರುತ್ತಾರೆ. ಬೆರಳು ಒಪ್ಪದಿದ್ದಾಗ ಬೇರೆ ದಾರಿ ಏನೆಂದು ಅವರು ತಿಳಿಸಬೇಕು, ತೆಗೆದ ಹಣಕ್ಕೆ ರಸೀದಿ ಕೊಡಬೇಕು. ನಾವು ಮಾಡಬೇಕಾದದ್ದೂ ಇದೆ. ಪಾಸ್‌ಬುಕ್ಕಿನ ಜಮೆ, ಖರ್ಚು, ಬಾಕಿಯ ಮೂರು ಕಾಲಂಗಳನ್ನು ಓದಲು ಮನೆಯ ಹೆಂಗಸರಿಗೆ ಕಲಿಸೋಣ. ಹತ್ತನೇ ತರಗತಿ ಓದುವ ಮಗಳೇ ಇದಕ್ಕೆ ಸಾಕು. ಅರ್ಧ ಗಂಟೆಯ ಕೆಲಸ. ತನ್ನ ಹಣ ಎಷ್ಟಿದೆ ಎಂದು ಇನ್ನೊಬ್ಬರನ್ನು ಕೇಳಬೇಕಾಗಿಲ್ಲದ ದಿನವೇ ಆ ಖಾತೆ ಅವಳದ್ದಾಗುತ್ತದೆ.