ಭಾಷಣ ಬರ್ಕೊಡಿ ಮೇಡಂ

ಜೂನ್ ಕೊನೆಗೆ ಪಠ್ಯಪುಸ್ತಕಗಳು ಇನ್ನೂ ಪೂರ್ತಿ ಬಂದಿರುವುದಿಲ್ಲ. ಅಷ್ಟರಲ್ಲೇ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಶಾಲಾ ಸಂಸತ್ತಿನ ಚುನಾವಣೆಯ ವೇಳಾಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿರುತ್ತಾರೆ. ನಾಮಪತ್ರ ಸಲ್ಲಿಕೆ, ಪರಿಶೀಲನೆ, ಹಿಂತೆಗೆತ, ಬಹಿರಂಗ ಪ್ರಚಾರ, ಮತದಾನ, ಎಣಿಕೆ, ಯಾವುದನ್ನೂ ಬಿಡುವುದಿಲ್ಲ. ಬಹಿರಂಗ ಪ್ರಚಾರವೆಂದರೆ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಧ್ವಜದ ಕಟ್ಟೆ ಹತ್ತಿ ತಲಾ ಎರಡು ನಿಮಿಷ ಮಾತಾಡುವುದು. ಆ ಕಾಗದ ಅಂಟಿದ ದಿನದಿಂದ ಸ್ಟಾಫ್ ರೂಮಿನ ಬಾಗಿಲಲ್ಲಿ ಒಂದೊಂದೇ ತಲೆ ಇಣುಕತೊಡಗುತ್ತದೆ.

"ಮೇಡಂ, ನಂಗೊಂದು ಭಾಷಣ ಬರ್ಕೊಡಿ."

ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆದವಳಿಗೆ ಇದು ಹೊಸದೇನಲ್ಲ. ನಿವೃತ್ತರಾಗುವವರಿಗೆ ಬಿನ್ನವತ್ತಳೆ, ಬರುವ ಅತಿಥಿಗೆ ಸ್ವಾಗತ, ಹೋಗುವವರಿಗೆ ವಂದನಾರ್ಪಣೆ, ಎಲ್ಲವೂ ನಮ್ಮ ತಲೆಗೇ. ಚುನಾವಣೆಯ ಭಾಷಣದ ವಿಶೇಷವೇನೆಂದರೆ, ಇಲ್ಲಿ ಗಿರಾಕಿಗಳು ಪರಸ್ಪರ ಎದುರಾಳಿಗಳು. ಹತ್ತನೇ ಕ್ಲಾಸಿನ ಎತ್ತರದ ಹುಡುಗ ಬಂದು, "ಅವಳಿಗೆ ಹೇಳ್ಬೇಡಿ ಮೇಡಂ" ಅನ್ನುತ್ತಾನೆ. ಮಧ್ಯಾಹ್ನ ಅವಳೇ ಬಂದು, "ಅವನಿಗೆ ಗೊತ್ತಾಗ್ಬಾರ್ದು ಮೇಡಂ" ಅನ್ನುತ್ತಾಳೆ. ಮೂರನೆಯವನು ಮೆತ್ತಗಿನವನು, ಏನನ್ನೂ ಹೇಳದೆ ಖಾಲಿ ಹಾಳೆಯನ್ನು ಮೇಜಿನ ಮೇಲಿಟ್ಟು ನಿಲ್ಲುತ್ತಾನೆ. ಈ ವರ್ಷ ಮೂವರಿಗೂ ಬರೆದುಕೊಟ್ಟವಳು ನಾನೇ.

"ಇದು ಧರ್ಮವೇನ್ರೀ?" ಎಂದು ನಮ್ಮ ಗಣಿತದವರು ಕೇಳಿದರು. ಧರ್ಮದ ವಿಚಾರ ಪಕ್ಕಕ್ಕಿರಲಿ, ಪರಂಪರೆಯಂತೂ ಇದೆ ಎಂದೆ. ಗ್ರೀಸಿನ ಡೆಮಾಸ್ತನೀಸನ ಹೆಸರು ಭಾಷಣ ಕಲೆಯ ಪುಸ್ತಕಗಳಲ್ಲೆಲ್ಲ ಬರುತ್ತದೆ. ಅವನು ಒಂದೇ ಜಗಳದ ಎರಡೂ ಕಡೆಯವರಿಗೆ ಭಾಷಣ ಬರೆದುಕೊಟ್ಟವನು. ಒಂದೇ ಅಂಗಡಿಯಿಂದ ಇಬ್ಬರು ವೈರಿಗಳಿಗೂ ಚೂರಿ ಮಾರಿದ ಹಾಗಾಯಿತು ಎಂದು ಅವನ ಜೀವನಚರಿತ್ರೆ ಬರೆದ ಪ್ಲುಟಾರ್ಕ್ ಕುಟುಕಿದ್ದಾನೆ. ತಮಾಷೆಯೆಂದರೆ, ಡೆಮಾಸ್ತನೀಸನ ಅಪ್ಪ ನಿಜವಾಗಿಯೂ ಕತ್ತಿ ಚೂರಿಗಳ ಕಾರ್ಖಾನೆ ಇಟ್ಟಿದ್ದವನು.

ಅಥೆನ್ಸಿನ ನ್ಯಾಯಾಲಯದಲ್ಲಿ ವಾದಿಯೂ ಪ್ರತಿವಾದಿಯೂ ತಮ್ಮ ಮಾತನ್ನು ತಾವೇ ಆಡಬೇಕಿತ್ತು. ಹಾಗಾಗಿ ದುಡ್ಡು ಕೊಟ್ಟು ಬರೆಸಿಕೊಂಡು, ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಹಾಗೆ ಬರೆದುಕೊಡುವವರಲ್ಲಿ ನನಗೆ ಹೆಚ್ಚು ಇಷ್ಟವಾದವನು ಲಿಸಿಯಾಸ್. ಹೊರಗಿನಿಂದ ಬಂದು ನೆಲೆಸಿದ ಮನೆತನದವನಾದ್ದರಿಂದ ಅವನಿಗೆ ಪೌರತ್ವವಿರಲಿಲ್ಲ, ಊರಿನ ಸಭೆಯಲ್ಲಿ ಓಟೂ ಇರಲಿಲ್ಲ. ಶಾಲಾ ಚುನಾವಣೆಯಲ್ಲಿ ಟೀಚರಿಗೆ ಓಟು ಇದೆಯೇ? ಅದೇ ಸ್ಥಿತಿ. ಎರಡು ಕೋಲು ಊರಿ ನಡೆಯುವ ಬಡ ಅಂಗವಿಕಲನೊಬ್ಬನಿಗೆ ಬರುತ್ತಿದ್ದ ಸಣ್ಣ ಪಿಂಚಣಿಯನ್ನು ನಿಲ್ಲಿಸಬೇಕೆಂದು ಯಾರೋ ತಕರಾರು ತೆಗೆದಾಗ ಲಿಸಿಯಾಸ್ ಬರೆದುಕೊಟ್ಟ ಭಾಷಣ ಇಂದಿಗೂ ಉಳಿದಿದೆ. ಇವನು ಕುದುರೆ ಹತ್ತುತ್ತಾನೆ, ಗಟ್ಟಿಯಾಗಿಯೇ ಇದ್ದಾನೆ ಎಂಬುದು ಆರೋಪ. ದುಡ್ಡಿದ್ದಿದ್ದರೆ ಜೀನು ಹಾಕಿದ ನನ್ನದೇ ಹೇಸರಗತ್ತೆ ಹತ್ತುತ್ತಿದ್ದೆ, ಕಂಡವರ ಕುದುರೆಯನ್ನು ಯಾಕೆ ಕೇಳಲಿ ಎಂಬುದು ಉತ್ತರ. ಬರೆದವನು ಪಂಡಿತ, ಆದರೆ ಕೇಳಿಸುವುದು ಆ ಬಡವನ ಕೊಂಕು.

ಈ ಕೆಲಸದ ಕಷ್ಟವಿರುವುದು ಇಲ್ಲೇ. ಮಕ್ಕಳು ನನ್ನ ಬಳಿ ಬರುವ ಹೊತ್ತಿಗೆ ಮೊಬೈಲಿನಲ್ಲಿ ಹುಡುಕಿ ಒಂದು ಭಾಷಣ ಬರೆದುಕೊಂಡಿರುತ್ತಾರೆ. ಎತ್ತರದ ಹುಡುಗನ ಹಾಳೆಯಲ್ಲಿ "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ" ಎಂದು ಶುರುವಾಗಿತ್ತು. ಕಟ್ಟೆಯ ಮೇಲೆ ಕಂಬವೊಂದು ಬಿಟ್ಟರೆ ಆಸೀನರಾಗಲು ಜಾಗವೇ ಇಲ್ಲ. ಮುಂದಿನ ಸಾಲಿನಲ್ಲಿ ಶಾಲೆಯ ಸರ್ವತೋಮುಖ ಅಭಿವೃದ್ಧಿ. "ಹಂಗಂದ್ರೆ ಏನೋ?" ಎಂದೆ. "ಗೊತ್ತಿಲ್ಲ ಮೇಡಂ, ಎಲ್ರೂ ಹಾಕ್ತಾರೆ" ಎಂದ. ಹಾಳೆ ಮಡಚಿಸಿ, ಎದುರಿಗೆ ಕೂರಿಸಿ, ಶಾಲೆಯಲ್ಲಿ ನಿನಗೆ ಯಾವುದು ಸಿಟ್ಟು ಬರಿಸುತ್ತದೆ ಹೇಳು ಎಂದೆ. ಮೊದಲು ನಾಚಿದ. ಆಮೇಲೆ ಶುರುವಾದದ್ದು ನಿಲ್ಲಲಿಲ್ಲ. ಬಿಸಿಯೂಟ ಆದ ಮೇಲೆ ತಟ್ಟೆ ತೊಳೆಯಲು ಒಂದೇ ನಲ್ಲಿ, ಅದೂ ತಿರುಗಿಸಿದರೆ ನಿಲ್ಲದ ನಲ್ಲಿ; ಸಾಲು ಕರಗುವಷ್ಟರಲ್ಲಿ ಬೆಲ್ಲು; ಆಟದ ಪೀರಿಯಡ್ಡಿನಲ್ಲಿ ಚೆಂಡು ಕೇಳಿದರೆ ಬೀರುವಿನ ಬೀಗದ ಕೈ ಯಾರ ಹತ್ತಿರವೂ ಇಲ್ಲ. ಅವನು ಹೇಳಿದ್ದನ್ನೇ ಬರೆದು, "ಮೇಡಂ" ಎಂಬ ಕಡೆಯೆಲ್ಲ "ಗೆಳೆಯರೇ" ಎಂದು ತಿದ್ದಿ ಕೊಟ್ಟೆ. ಓದಿ, "ಇದು ಭಾಷಣದ ಥರ ಇಲ್ವಲ್ಲ" ಎಂದು ಅನುಮಾನದಿಂದಲೇ ಹೋದ.

ಆಶ್ವಾಸನೆಯ ಭಾಗಕ್ಕೆ ಬಂದಾಗ ನನಗೂ ಪೆನ್ನು ತಡೆಯುತ್ತದೆ. ಶಾಲಾ ನಾಯಕನಿಗೆ ಒಂದು ಬ್ಯಾಡ್ಜ್ ಬಿಟ್ಟರೆ ಬೇರೇನಿದೆ? ದುಡ್ಡಿಲ್ಲ, ಸಹಿಯಿಲ್ಲ, ನಲ್ಲಿಯ ವಾಷರ್ ಬದಲಿಸುವ ಅಧಿಕಾರವೂ ಇಲ್ಲ. "ನಾನು ಗೆದ್ದರೆ ನಲ್ಲಿ ಹಾಕಿಸುತ್ತೇನೆ" ಎಂದು ಅವನು ಕೂಗುವುದು ಎದುರಿಗೆ ಸಾಲಾಗಿ ನಿಂತ ಮಕ್ಕಳಿಗೆ, ಆದರೆ ಆ ಮಾತು ಹೋಗಬೇಕಾದದ್ದು ಪಕ್ಕದಲ್ಲಿ ಕೈಕಟ್ಟಿ ನಿಂತ ಹೆಡ್‌ಮಾಸ್ಟರಿಗೆ. ಕೇಳಿದರೆ ಚುನಾವಣಾ ಭಾಷಣ, ಬಿಚ್ಚಿದರೆ ಅಹವಾಲು.

ನಮ್ಮ ಸೀಮೆಯಲ್ಲಿ ಪ್ರತಿನಿಧಿ ಎಂಬ ಪ್ರಾಣಿ ಹುಟ್ಟಿದ್ದೇ ಹೀಗೆ. 1881ರ ಅಕ್ಟೋಬರಿನಲ್ಲಿ, ಚಾಮರಾಜೇಂದ್ರ ಒಡೆಯರ ಕಾಲಕ್ಕೆ, ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಆ ಮೊದಲ ಸಭೆಗೆ ಬಂದವರು 144 ಜನ, ಹೆಚ್ಚಿನವರು ಜಮೀನುಳ್ಳವರು, ವರ್ತಕರು. ದಸರಾ ಹೊತ್ತಿಗೆ ಸೇರುತ್ತಿದ್ದ ಆ ಸಭೆಯಲ್ಲಿ ದಿವಾನರು ರಾಜ್ಯದ ವರದಿ ಒಪ್ಪಿಸುತ್ತಿದ್ದರು, ಬಂದವರು ತಮ್ಮ ಕಡೆಯ ಕುಂದುಕೊರತೆ ಹೇಳಿಕೊಳ್ಳುತ್ತಿದ್ದರು. ಕಾನೂನು ಮಾಡುವ ಅಧಿಕಾರವಿಲ್ಲ, ಬೊಕ್ಕಸದ ಮೇಲೆ ಹಿಡಿತವಿಲ್ಲ. ಆಗಿನ್ನೂ ಚುನಾವಣೆಯೂ ಇರಲಿಲ್ಲ, ಅದು ಬರಲು ಹತ್ತು ವರ್ಷ ಹಿಡಿಯಿತು. ಬರೀ ಮಾತಾಡಿ ಏನು ಬಂತು ಎಂದು ನಕ್ಕವರು ಆಗಲೂ ಇದ್ದಿರಬೇಕು. ನನಗೇನೋ ನಗು ಬರುವುದಿಲ್ಲ. ಮಾಡುವವನ ಎದುರಿಗೆ, ನಾಲ್ಕು ಜನ ಕೇಳುವಂತೆ ಹೇಳಿಬಿಟ್ಟರೆ, ಅವನು ಆಮೇಲೆ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. ಬರೀ ಮಾತಿಗೂ ಅಷ್ಟು ಬಲವಿದೆ.

ಹುಡುಗಿಗೆ ಬರೆಯುವುದು ಸುಲಭವಾಯಿತು, ಹೇಳುವುದು ಕಷ್ಟವಾಯಿತು. ಅವಳದು ಸಣ್ಣ ದನಿ. ನಮ್ಮ ಶಾಲೆಯ ಮೈಕ್ ಮೂಡು ಬಂದರೆ ಮಾತಾಡುತ್ತದೆ, ಇಲ್ಲವಾದರೆ ಕುಂಯ್ಯೆನ್ನುತ್ತದೆ. ಡೆಮಾಸ್ತನೀಸ್ ಸಮುದ್ರದ ದಡದಲ್ಲಿ ಅಲೆಗಳ ಮೊರೆತಕ್ಕೆ ಎದುರಾಗಿ ಕೂಗಿ ಅಭ್ಯಾಸ ಮಾಡಿದನಂತೆ. ನಮ್ಮ ತಾಲ್ಲೂಕಿಗೆ ಸಮುದ್ರವೆಲ್ಲಿ? ಅವಳು ತೋಟದ ಪಂಪ್‌ಹೌಸಿನ ಪಕ್ಕ ನಿಂತು, ಮೋಟರ್ ಓಡುವಾಗ, ತೆಂಗಿನ ಮರಗಳಿಗೆ ಭಾಷಣ ಮಾಡಿದಳು. ತ್ರೀ ಫೇಸ್ ಕರೆಂಟು ರಾತ್ರಿಯಷ್ಟೇ ಕೊಟ್ಟ ವಾರದಲ್ಲಿ ಅವಳ ಅಭ್ಯಾಸವೂ ರಾತ್ರಿಪಾಳಿ. ಭಾಷಣದ ದಿನ ಮೈಕ್ ಎರಡನೇ ಸಾಲಿಗೇ ಕೈಕೊಟ್ಟಿತು. ಅವಳು ಅದನ್ನು ಪಿ.ಟಿ. ಮೇಷ್ಟ್ರ ಕೈಗೆ ಕೊಟ್ಟು ಮುಂದುವರಿಸಿದಳು. ಹಿಂದಿನ ಸಾಲಿನ ಎಂಟನೇ ಕ್ಲಾಸಿನವರು ಗುಸುಗುಸು ನಿಲ್ಲಿಸಿ ಕತ್ತೆತ್ತಿದರು.

ಫಲಿತಾಂಶವನ್ನೂ ಹೇಳಿಬಿಡುತ್ತೇನೆ. ಗೆದ್ದವನು ಖಾಲಿ ಹಾಳೆಯ ಹುಡುಗ. ಭಾಷಣದಿಂದಲ್ಲ, ಶಾಲೆಗೆ ಬರುವ ಮಕ್ಕಳಲ್ಲಿ ಅವನ ಊರಿನವರೇ ಹೆಚ್ಚು. ದೊಡ್ಡವರ ಚುನಾವಣೆಯ ಲೆಕ್ಕವನ್ನು ಮಕ್ಕಳು ಯಾವ ಪಾಠದಲ್ಲಿ ಕಲಿಯುತ್ತಾರೋ ಕಾಣೆ. ಮತದಾನದ ದಿನ ಬೆರಳಿಗೆ ಮಾರ್ಕರ್ ಪೆನ್ನಿನ ಗೀಟು ಹಾಕಿದೆವು. 1962ರಿಂದ ದೇಶದ ಮತದಾರರ ಬೆರಳಿಗೆಲ್ಲ ಅಳಿಸದ ಶಾಯಿ ಹೋಗುವುದು ನಮ್ಮ ಮೈಸೂರಿನ ಕಾರ್ಖಾನೆಯಿಂದಲೇ ಆದರೂ ಅದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಗೀಟನ್ನು ಉಜ್ಜಿ ಅಳಿಸಿಕೊಂಡು ಎರಡನೇ ಸಲ ಸಾಲಿನಲ್ಲಿ ನಿಂತ ಇಬ್ಬರು ಸಿಕ್ಕಿಬಿದ್ದರು.

ಭಾಷಣಗಳ ದಿನ ಪ್ರಾರ್ಥನೆ ಮುಗಿದು ಮಕ್ಕಳು ಕ್ಲಾಸಿಗೆ ಹೋದ ಮೇಲೆ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ನಡಾವಳಿ ಪುಸ್ತಕ ತೆರೆದಿತ್ತು.

"ಮೇಡಂ, ಮೂರು ಭಾಷಣವೂ ನಿಮ್ಮದೇ ಅಂತ ಗೊತ್ತಾಯ್ತು ಬಿಡಿ. ಮೂರರಲ್ಲೂ ಅದೇ ನಲ್ಲಿ ಬಂತಲ್ಲ?"

"ನಮ್ಮಲ್ಲಿರೋದೇ ಒಂದಲ್ವಾ ಸರ್" ಎಂದೆ.