ಗೌರಿಗೆ ಮ್ಯಾಟ್ ತಂದದ್ದು

ಕೊಟ್ಟಿಗೆಗೆ ಸಿಮೆಂಟ್ ನೆಲ ಮಾಡಿಸಿದಾಗ ಗೆದ್ದೆವು ಅಂದುಕೊಂಡಿದ್ದೆವು. ಕೆಸರಿಲ್ಲ, ಸಗಣಿ ಬಾಚೋದು ಸಲೀಸು. ಆದರೆ ವರ್ಷ ತುಂಬುವುದರೊಳಗೆ ನಮ್ಮ ಎಚ್.ಎಫ್. ಹಸು ಗೌರಿಯ ಮುಂಗಾಲಿನ ಮಂಡಿ ಊದಿಕೊಂಡಿತು. ಮಲಗಲು ಹೆದರಿ ನಿಂತೇ ಇರುತ್ತಿತ್ತು. 7 ತಿಂಗಳ ಗಬ್ಬ ಇದ್ದಾಗ ಒಂದು ಬೆಳಗ್ಗೆ ಗಂಜಲದ ಮೇಲೆ ಜಾರಿ ಬಿತ್ತು. ಅವತ್ತು ಅವ್ವ ಊಟ ಮಾಡಲಿಲ್ಲ. ಪುಣ್ಯಕ್ಕೆ ಕರುವಿಗೆ ಏನೂ ಆಗಲಿಲ್ಲ.

ರಬ್ಬರ್ ಮ್ಯಾಟ್ ತರಲು ಪೇಟೆಗೆ ಹೋದೆವು. ಅಂಗಡಿಯವರು ಮೊದಲು ತೋರಿಸಿದ್ದು ಅಗ್ಗದ್ದು, ಚಾಪೆ ಹಾಗೆ ಸುರುಳಿ ಸುತ್ತಬಹುದು. 400 ಕೆಜಿ ದಾಟಿದ ಹಸು ಅದರ ಮೇಲೆ ಮಲಗಿದರೆ ಮತ್ತೆ ಸಿಮೆಂಟೇ ಒತ್ತುತ್ತೆ. ಕೊನೆಗೆ ಆರೂವರೆ ಅಡಿ ಉದ್ದ, 4 ಅಡಿ ಅಗಲ, 17 ಮಿ.ಮೀ. ದಪ್ಪದ್ದು ಆರಿಸಿದೆವು. ಮೇಲ್ಭಾಗ ಒರಟು, ಅಡಿಯಲ್ಲಿ ನೀರು ಹರಿಯಲು ಗೀರುಗಳು. ಒಬ್ಬರೇ ಎತ್ತಲು ಹೋದರೆ ಸೊಂಟ ಹಿಡಿಯುತ್ತೆ, ಅಷ್ಟು ಭಾರ.

ತಪ್ಪು ಮಾಡಿದ್ದು ಆಮೇಲೆ. ನೆಲದ ಇಳಿಜಾರು ನೋಡದೆ ತಂದ ದಿನವೇ ಹಾಸಿಬಿಟ್ಟೆವು. 15 ದಿನಕ್ಕೆ ಅಡಿಯಲ್ಲಿ ಗಂಜಲ ನಿಂತು ಕೆಟ್ಟ ನಾತ, ಹುಳ. ಗಾರೆಯವರನ್ನು ಕರೆಸಿ ಚರಂಡಿ ಕಡೆಗೆ ಇಳಿಜಾರು ಮಾಡಿಸಿದೆವು. ಮ್ಯಾಟಿಗಿಂತ ಮೊದಲೇ ಆಗಬೇಕಿದ್ದ ಖರ್ಚು ಅದು. ಈಗ ಪ್ರತಿ ಭಾನುವಾರ ಇಬ್ಬರು ಹಿಡಿದು ಎತ್ತಿ, ಅಡಿ ತೊಳೆದು, ಒಣಗಿಸಿ ಹಾಸುತ್ತೇವೆ.

"ನಮಗೆ ಚಾಪೆ, ಇದಕ್ಕೆ ಹಾಸಿಗೆ" ಅಂತ ಅಜ್ಜ ಗೊಣಗುತ್ತಾರೆ. ಅವರ ಕಾಲದಲ್ಲಿ ಹುಲ್ಲು ಹಾಸುತ್ತಿದ್ದರಂತೆ. ಈಗ ನಮ್ಮಲ್ಲಿ ಮೇಯಿಸಲಿಕ್ಕೇ ಹುಲ್ಲು ಸಾಲದು. ಆದರೂ ಗೌರಿ ಮಲಗಿ ಮೆಲುಕು ಹಾಕುವಾಗ ಪಕ್ಕದಲ್ಲಿ ಕೂತು ಅದರ ಮಂಡಿ ಸವರುವವರು ಅವರೇ. ಊತ ಇಳಿದಿದೆ.