ಟೊಂಗಾದ ಭಾನುವಾರ

ಕರಿಹಲಗೆಯ ಮೇಲೆ ನಾಲ್ಕು ಸಾಲು ಅಂಕಿಗಳು. ನಡುನಡುವೆ ಗೀಟು, ಚುಕ್ಕಿ. ಹಲಗೆಯ ಮುಂದೆ ಊರಿನ ಗಂಡಸರು ಹೆಂಗಸರು ಬೇರೆಬೇರೆ ಗುಂಪಾಗಿ ಬೆಂಚುಗಳ ಮೇಲೆ ಕೂತಿದ್ದರು. ಮುಂದೆ ನಿಂತಿದ್ದ ಹಿರಿಯರು ಕೋಲಿನಿಂದ ಮೊದಲ ಅಂಕಿಯನ್ನು ಮುಟ್ಟಿದರು, ಅಷ್ಟೇ. ಹಾರ್ಮೋನಿಯಂ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ. ನಾಲ್ಕು ಗುಂಪುಗಳಿಂದ ನಾಲ್ಕು ಸ್ವರಧಾರೆ ಒಟ್ಟಿಗೇ ಎದ್ದು ತಗಡಿನ ಚಾವಣಿಗೆ ಬಡಿದಾಗ ನನ್ನ ಎದೆಗೂಡೇ ಕಂಪಿಸಿತು. ದೊಡ್ಡ ಧ್ವನಿ ಎಂದರೆ ಏನೆಂದು ಪೆಸಿಫಿಕ್ ಸಾಗರದ ನಡುವಿನ ವವಾಉ ದ್ವೀಪದಲ್ಲಿ, ಹಳ್ಳಿಯೊಂದರ ಚರ್ಚಿನಲ್ಲಿ ನನಗೆ ತಿಳಿಯಿತು.

ನಾವು ಸ ರಿ ಗ ಮ ಎನ್ನುವಲ್ಲಿ ಟೊಂಗಾದವರು 3, 4, 5, 6 ಎನ್ನುತ್ತಾರೆ. ಏಳನೆಯ ಸ್ವರಕ್ಕೆ 9. ಈ ಲಿಪಿಯನ್ನು ರೂಪಿಸಿಕೊಟ್ಟವನು ಜೇಮ್ಸ್ ಈಗನ್ ಮೌಲ್ಟನ್ ಎಂಬ ಮೆಥಡಿಸ್ಟ್ ಪಾದ್ರಿ. 1866ರಲ್ಲಿ ಟೊಂಗಾದಲ್ಲಿ ಟುಪೌ ಕಾಲೇಜನ್ನು ಕಟ್ಟಿದವನೂ ಅವನೇ. ನೂರೈವತ್ತು ವರ್ಷಗಳ ಹಿಂದಿನ ಲಿಪಿಯನ್ನು ಮೀನು ಹಿಡಿಯುವವರು, ಗೆಣಸು ಬೆಳೆಯುವವರು ಇಂದಿಗೂ ಸಲೀಸಾಗಿ ಓದುತ್ತಾರೆ. ಕಷ್ಟದ ಹಾಡುಗಳನ್ನು ನಾಲ್ಕು ಧ್ವನಿಯಲ್ಲಿ, ಒಂದು ಹಳ್ಳಿಗೆ ಹಳ್ಳಿಯೇ ಹಾಡುತ್ತದೆ. ಇದನ್ನು ಕಲಿಸುವ ಸಂಗೀತಶಾಲೆ ಯಾವುದೆಂದು ಕೇಳಿದೆ. "ಶಾಲೆ ಯಾಕೆ? ಅಮ್ಮನ ಪಕ್ಕ ಕೂತರೆ ಬರುತ್ತದೆ" ಎಂದರು ಕೋಲು ಹಿಡಿದಿದ್ದ ಹಿರಿಯರು.

ಸುಮಾರು 170 ದ್ವೀಪಗಳು, ಸುಮಾರು ಒಂದು ಲಕ್ಷ ಜನ. ಇಷ್ಟೇ ಟೊಂಗಾ ರಾಜ್ಯ. ಅವರಲ್ಲಿ ಮೂರನೇ ಒಂದು ಪಾಲಿನಷ್ಟು ಜನ ಸ್ವತಂತ್ರ ವೆಸ್ಲಿಯನ್ ಚರ್ಚಿಗೆ ಸೇರಿದವರು. ರಾಜಮನೆತನದ್ದೂ ಅದೇ ಚರ್ಚು. ಅದರಿಂದ ಒಡೆದು ಹೋದ ಕವಲುಗಳನ್ನೂ ಕೂಡಿಸಿದರೆ ಸಂಖ್ಯೆ ಇನ್ನೂ ದೊಡ್ಡದು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಬಯಲಿನಲ್ಲಿ ನಿಂತು ಗಣಿ ಕೂಲಿಗಳಿಗೆ ಬೋಧಿಸಿ ಕಟ್ಟಿದ ಮೆಥಡಿಸ್ಟ್ ಎಂಬ ಪ್ರಾಟೆಸ್ಟಂಟ್ ಪಂಗಡ, ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ ಹೀಗೆ ಒಂದು ನಾಡಿನ ಉಸಿರಾಗಿದ್ದು ಹೇಗೆ? ಈ ದ್ವೀಪಗಳಲ್ಲಿ ಓಡಾಡಿದಷ್ಟೂ ನನಗೆ ಕಂಡದ್ದು ಒಂದೇ: ತಂದವರು ಹೊರಗಿನವರಾದರೂ ಹೊತ್ತವರು ಇಲ್ಲಿಯವರು.

ಬಂದವರಲ್ಲಿ ಮೊದಲಿಗರು ಸೋತರು. 1797ರಲ್ಲಿ ಲಂಡನ್ ಮಿಷನರಿ ಸೊಸೈಟಿಯ 'ಡಫ್' ಹಡಗಿನಿಂದ ಹತ್ತು ಮಂದಿ ಇಳಿದರು. ನಾಡಿನಲ್ಲಿ ಅಂತಃಕಲಹ ಹೊತ್ತಿ ಮೂವರು ಸತ್ತರು, ಉಳಿದವರು ಸಿಕ್ಕ ಹಡಗು ಹತ್ತಿ ಹೋದರು. 1822ರಲ್ಲಿ ಬಂದ ವೆಸ್ಲಿಯನ್ ಪಾದ್ರಿ ವಾಲ್ಟರ್ ಲಾರಿ ಮರುವರ್ಷವೇ ಹಿಂದಿರುಗಿದ. 1826ರಲ್ಲಿ ಜಾನ್ ಥಾಮಸ್ ಬಂದ. ಇಂಗ್ಲೆಂಡಿನಲ್ಲಿ ಕಮ್ಮಾರಿಕೆ ಮಾಡುತ್ತಿದ್ದವನು. ಟೊಂಗಟಾಪು ದ್ವೀಪದ ಪಶ್ಚಿಮ ತುದಿಯ ಹಿಹಿಫೋದಲ್ಲಿ ನೆಲೆಸಿದ. ಅಲ್ಲಿನ ನಾಯಕ ಆತಾ ತನ್ನ ಜನ ಅವನ ಬಳಿ ಸುಳಿಯಬಾರದೆಂದು ತಡೆದ. ಥಾಮಸ್‌ನ ಕೈಕಾಲೇ ಆಡಲಿಲ್ಲ.

ಅದೇ ವರ್ಷ, ಅದೇ ದ್ವೀಪದ ನುಕುಅಲೋಫಾದಲ್ಲಿ ಬೇರೆಯೇ ಸಂಗತಿ ನಡೆದಿತ್ತು. ಹಾಪೆ, ತಾಫೆತಾ ಎಂಬ ಇಬ್ಬರು ತಹೀತಿ ದ್ವೀಪದ ಉಪದೇಶಿಗಳು ಫಿಜಿಗೆ ಹೊರಟವರು ದಾರಿಯಲ್ಲಿ ಇಲ್ಲಿ ತಂಗಿದರು. ನುಕುಅಲೋಫಾದ ನಾಯಕ ಅಲೆಆಮೊತುಆ ಅವರನ್ನು ಮುಂದೆ ಹೋಗಗೊಡದೆ ಉಳಿಸಿಕೊಂಡು ಪ್ರಾರ್ಥನಾ ಮಂದಿರವನ್ನೇ ಕಟ್ಟಿಸಿದ. ಈ ಇಬ್ಬರ ಹೆಸರನ್ನು ಇನ್ನಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಿಳಿಯ ಪಾದ್ರಿಗಳು ನುಕುಅಲೋಫಾಕ್ಕೆ ಬರುವ ಹೊತ್ತಿಗೆ ಅಲ್ಲಿ ಜನ ಆಗಲೇ ಪ್ರಾರ್ಥನೆಗೆ ಕೂಡುತ್ತಿದ್ದರು. ಅಲೆಆಮೊತುಆ 1830ರಲ್ಲಿ ದೀಕ್ಷಾಸ್ನಾನ ಪಡೆದ.

ಮುಂದಿನದು ಹಾಪಾಯ್ ದ್ವೀಪಸಮೂಹದ ಕಥೆ. ವಿಮಾನದಿಂದ ನೋಡಿದರೆ ನೀಲಿಯ ಮೇಲೆ ತೇಲುವ ಮರಳಿನ ಗೆರೆಗಳು. ಎಲ್ಲ ಕಡೆ ತೆಂಗು, ಎಲ್ಲ ಕಡೆ ಕಡಲು. ಅಲ್ಲಿನ ಲಿಫುಕಾ ದ್ವೀಪದಲ್ಲಿ ತೌಫಾಹೌ ಎಂಬ ತರುಣ ನಾಯಕನಿದ್ದ. ಎತ್ತರದ ಆಳು, ಹುಟ್ಟು ಯೋಧ. ಅವನು ಹೊಸ ದೇವರನ್ನು ಸುಮ್ಮನೆ ಒಪ್ಪಲಿಲ್ಲ, ಹಳೆಯ ದೇವರುಗಳನ್ನು ಪರೀಕ್ಷೆಗೆ ಒಡ್ಡಿದ. ದೇವರು ಮೈಮೇಲೆ ಬಂದಿದ್ದ ಪೂಜಾರಿಣಿಗೆ ಬಾಳೆದಿಂಡಿನಿಂದ ಹೊಡೆದು, ದೇವರು ತನ್ನನ್ನು ಏನು ಮಾಡುತ್ತದೆಂದು ಕಾದನಂತೆ. ಏನೂ ಆಗಲಿಲ್ಲ. ದೇವಿಯರ ಮೂರ್ತಿಗಳ ಕೊರಳಿಗೆ ಹಗ್ಗ ಬಿಗಿದು ಎಲ್ಲರಿಗೂ ಕಾಣುವಂತೆ ನೇತುಹಾಕಿದ. 1830ರಲ್ಲಿ ಇತ್ತ ಬಂದ ಪಾದ್ರಿ ಜಾನ್ ವಿಲಿಯಮ್ಸ್ ಅದನ್ನು ಕಣ್ಣಾರೆ ಕಂಡ. ಅಜ್ಜ ಮುತ್ತಜ್ಜಂದಿರು ಕೈಮುಗಿದಿದ್ದ ಆ ಮೂರ್ತಿಗಳನ್ನು ನೆನೆದು ನನ್ನ ಮನಸ್ಸು ನೊಂದಿತು. ತೌಫಾಹೌನ ಎದೆಗಾರಿಕೆಗೆ ಬೆರಗಾಗದಿರಲೂ ಆಗಲಿಲ್ಲ. ಅವನಿಗೆ ಅಕ್ಷರ, ಪ್ರಾರ್ಥನೆ ಕಲಿಸಲು ಮೊದಲು ಬಂದವನೂ ಟೊಂಗಾದವನೇ, ಪೀತಾ ವೀ. ತೌಫಾಹೌ 1831ರ ಆಗಸ್ಟ್‌ನಲ್ಲಿ ದೀಕ್ಷಾಸ್ನಾನ ಪಡೆದು ಇಂಗ್ಲೆಂಡಿನ ರಾಜ ಜಾರ್ಜನ ಹೆಸರನ್ನು ತನ್ನದಾಗಿಸಿಕೊಂಡ. ಅದೇ ವರ್ಷ ನುಕುಅಲೋಫಾದಲ್ಲಿ ಅಚ್ಚುಯಂತ್ರ ಕೆಲಸ ಶುರುಮಾಡಿತು. ಟೊಂಗನ್ ಭಾಷೆ ಇಲ್ಲಿಯೇ ಕಾಗದದ ಮೇಲೆ ಅಚ್ಚಾಗಿ ಜನರ ಕೈಗೆ ಬಂತು.

ಇದೇ ವೆಸ್ಲಿಯನ್ ಮಿಷನ್ 1820ರ ದಶಕದಲ್ಲಿ ಬೆಂಗಳೂರಿಗೂ ಬಂದಿತ್ತು. ಮುಂದೆ ಮೈಸೂರಿನಿಂದ 'ವೃತ್ತಾಂತ ಪತ್ರಿಕೆ'ಯನ್ನು ಹೊರಡಿಸಿತು, ಹಾರ್ಡ್ವಿಕ್ ಶಾಲೆಯನ್ನು ನಡೆಸಿತು. ನಮ್ಮಲ್ಲಿ ಅದು ಒಂದು ಸಣ್ಣ ಸಭೆಯಾಗಿ ಉಳಿದು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ಸೇರಿಕೊಂಡಿತು. ಇಲ್ಲಿ ರಾಜ್ಯವೇ ಅದರ ಹಿಂದೆ ನಡೆಯಿತು.

ವವಾಉ ದ್ವೀಪಗಳ ಉತುಯಿ ಹಳ್ಳಿಯನ್ನು ಟೊಂಗನ್ನರು ತೀರ್ಥದಂತೆ ಕಾಣುತ್ತಾರೆ. 1834ರ ಜುಲೈ 23ರಂದು ಇಲ್ಲಿ ಐಸೇಆ ವೊವೊಲೆ ಎಂಬ ಟೊಂಗನ್ ಬೋಧಕ, ಯೇಸು ಜೆರೂಸಲೇಮನ್ನು ನೋಡಿ ಅತ್ತ ಪ್ರಸಂಗವನ್ನು ಎತ್ತಿಕೊಂಡು ಮಾತಾಡಿದ. ಕೇಳುತ್ತಿದ್ದವರು ಅಳತೊಡಗಿದರು. ಅಳು ಊರಿಂದೂರಿಗೆ ಹಬ್ಬಿತು, ದೋಣಿಗಳಲ್ಲಿ ಹಾಪಾಯ್‌ಗೂ ದಾಟಿತು. ಸಾವಿರಾರು ಜನ ಸಭೆಗೆ ಸೇರಿದರು. ಒಂದು ಊರಿನ ಅಳು ಒಂದು ನಾಡನ್ನು ಬದಲಿಸಿತೆಂದರೆ ನಂಬುವುದು ಕಷ್ಟ. ಆದರೆ ಇಲ್ಲಿನವರು ಹಾಡುವುದನ್ನು ಕೇಳಿದ ಮೇಲೆ ನಾನು ನಂಬುತ್ತೇನೆ.

ಅದೇ ವವಾಉವಿನ ನೇಯಾಫು ಪಟ್ಟಣದ ಪೌಓನೊ ಎಂಬಲ್ಲಿ 1839ರ ನವೆಂಬರ್ 20ರಂದು ತೌಫಾಹೌ ಜನರನ್ನು ಸೇರಿಸಿ ಮೊದಲ ಲಿಖಿತ ಕಾನೂನನ್ನು ಸಾರಿದ. ಅವನು ಒಂದು ಹಿಡಿ ಮಣ್ಣು ತೆಗೆದು ಆಕಾಶಕ್ಕೆ ಎಸೆದು ನಾಡನ್ನೂ ಜನರನ್ನೂ ದೇವರ ಕೈಗೆ ಒಪ್ಪಿಸಿದನೆಂದು ಇಲ್ಲಿನವರು ನೆನೆಯುತ್ತಾರೆ. ಅಲ್ಲಿ ನಿಂತು ನಾನೂ ಬಗ್ಗಿ ಆ ಮಣ್ಣನ್ನು ಮುಟ್ಟಿದೆ. ಇಡೀ ದೇಶವನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆ ಎತ್ತುವ ಕಲ್ಪನೆ ಎಂಥದು!

ಹಾಡು ಮತ್ತು ಕಣ್ಣೀರಿನಿಂದಲೇ ಎಲ್ಲವೂ ಆಯಿತೆಂದರೆ ಸುಳ್ಳಾಗುತ್ತದೆ. 1837ರಲ್ಲಿ ಟೊಂಗಟಾಪುವಿನಲ್ಲಿ ಕ್ರೈಸ್ತ ಪಡೆಗಳು ಹಳೆಯ ನಂಬಿಕೆಯವರ ಕೋಟೆಗಳ ಮೇಲೆ ಬಿದ್ದವು. ಹುಲೆ ಕೋಟೆಯಲ್ಲಿ ಆದದ್ದು ಕೊಲೆಯೇ. 1852ರ ಹೊತ್ತಿಗೆ ನಾಡೆಲ್ಲ ತೌಫಾಹೌ ಒಬ್ಬನ ಕೆಳಗೆ ಬಂತು. ಅವನು ಒಂದನೆಯ ಜಾರ್ಜ್ ಟುಪೌ. 1862ರಲ್ಲಿ ಜನರನ್ನು ನಾಯಕರ ಜೀತದಿಂದ ಬಿಡಿಸಿದ, 1875ರಲ್ಲಿ ಸಂವಿಧಾನ ಕೊಟ್ಟ. ಸುತ್ತಲಿನ ದ್ವೀಪಗಳೆಲ್ಲ ಹೊರಗಿನವರ ವಸಾಹತುಗಳಾದರೂ ಟೊಂಗಾ ತನ್ನ ರಾಜನನ್ನು ಕಳೆದುಕೊಳ್ಳಲಿಲ್ಲ.

ಅದೇ ರಾಜ ಚರ್ಚನ್ನು ಎರಡಾಗಿಸಿದ. ಕಾಣಿಕೆಯ ಹಣ ಆಸ್ಟ್ರೇಲಿಯಾಕ್ಕೆ ಹೋಗುವುದು, ಅಧಿಕಾರ ಹೊರಗಿನವರ ಕೈಯಲ್ಲಿರುವುದು ಅವನಿಗೆ ಹಿಡಿಸಲಿಲ್ಲ. ಪಾದ್ರಿಯಾಗಿ ಬಂದು ಪ್ರಧಾನಿಯಾದ ಶರ್ಲಿ ಬೇಕರ್ ಜೊತೆಗೂಡಿ 1885ರಲ್ಲಿ ಸ್ವತಂತ್ರ ಚರ್ಚು ಕಟ್ಟಿದ. ಹಳೆಯ ಸಭೆಯನ್ನು ಬಿಡದವರಿಗೆ ಹೊಡೆತ, ಲೂಟಿ. 1887ರಲ್ಲಿ ಬೇಕರ್ ಮೇಲೆ ಗುಂಡು ಹಾರಿತು, ಆರು ಮಂದಿಗೆ ಮರಣದಂಡನೆಯಾಯಿತು. ಹಲವರು ಫಿಜಿಗೆ ಗಡಿಪಾರಾದರು. ಅವರಲ್ಲಿ ರಾಜನ ಸ್ವಂತ ಮಗಳೂ ಇದ್ದಳು. ಲಿಫುಕಾದ ಪಂಗಾಯ್‌ನಲ್ಲಿ ಬೇಕರ್ ಸಮಾಧಿಯ ಎದುರು ನಿಂತಾಗ ನನ್ನ ನೆನಪೆಲ್ಲ ಆ ಮಗಳ ಕಡೆಗೇ ಹರಿಯಿತು. ಒಂದೇ ಹಾಡಿನ ಪುಸ್ತಕ ಹಿಡಿದ ತಂದೆ ಮಗಳ ನಡುವೆ ಒಂದು ಸಮುದ್ರ ಬಂದಿತ್ತು.

ಒಡಕನ್ನು ಬೆಸೆದವಳು ರಾಣಿ ಸಾಲೋತೆ. 1924ರಲ್ಲಿ, ಇನ್ನೂ ಇಪ್ಪತ್ನಾಲ್ಕರ ಹರೆಯದಲ್ಲಿ, ಎರಡೂ ಸಭೆಗಳನ್ನು ಕೂಡಿಸಿದಳು. ಒಪ್ಪದ ಕೆಲವರು ಬೇರೆಯಾಗಿಯೇ ಉಳಿದರು, ಇಂದಿಗೂ ಇದ್ದಾರೆ.

ಹೊರಗಿನ ಧರ್ಮ ಒಳಗಿನದಾದರೂ ಹಳೆಯ ಮಡಿ ಹೋಗಿಲ್ಲ. ರಾಜನ ತಲೆಯನ್ನು ಟೊಂಗಾದ ಯಾರೂ ಮುಟ್ಟುವಂತಿಲ್ಲ. ಹಾಗಾಗಿ 2015ರಲ್ಲಿ ನುಕುಅಲೋಫಾದ ಶತಮಾನೋತ್ಸವ ಚರ್ಚಿನಲ್ಲಿ ರಾಜ ಆರನೆಯ ಟುಪೌ ತಲೆಗೆ ಕಿರೀಟವಿಟ್ಟದ್ದು ಆಸ್ಟ್ರೇಲಿಯಾದಿಂದ ಬಂದ ಪಾದ್ರಿ ಡಾರ್ಸಿ ವುಡ್.

ಆ ಊರಿನ ಭಾನುವಾರವನ್ನು ನೋಡಿಯೇ ನಂಬಬೇಕು. ಅಂಗಡಿಗಳಿಗೆ ಬೀಗ. ವಿಮಾನ ಹಾರುವುದಿಲ್ಲ, ಚೆಂಡು ಉರುಳುವುದಿಲ್ಲ. ಆ ದಿನ ಮಾಡಿದ ಕರಾರು ಪತ್ರ ಕೂಡ ಸಂವಿಧಾನದ ಪ್ರಕಾರ ಊರ್ಜಿತವಲ್ಲ. ನಸುಕಿಗೇ ಹಿತ್ತಲುಗಳಿಂದ ಹೊಗೆ ಏಳುತ್ತದೆ. ಕೆಸುವಿನೆಲೆಯಲ್ಲಿ ಮಾಂಸ, ತೆಂಗಿನ ಹಾಲು ಸುತ್ತಿ, ಗೆಡ್ಡೆಗಳ ಜೊತೆ ಕಾದ ಕಲ್ಲುಗಳ ಗುಂಡಿಗೆ ಇಳಿಸಿ ಮಣ್ಣು ಮುಚ್ಚಿ ಪ್ರಾರ್ಥನೆಗೆ ಹೊರಡುತ್ತಾರೆ. ಮರಳುವಷ್ಟರಲ್ಲಿ ಊಟ ಬೆಂದಿರುತ್ತದೆ. ಎಲ್ಲರ ಸೊಂಟಕ್ಕೂ ಕೇದಗೆ ಜಾತಿಯ ಎಲೆಯಿಂದ ಹೆಣೆದ ಚಾಪೆ. ಅಜ್ಜಿಯರ ಚಾಪೆ ಹಳತಾಗಿ ಅಂಚು ಬಿಚ್ಚಿದಷ್ಟೂ ಅದಕ್ಕೆ ಗೌರವ ಹೆಚ್ಚು.

ವರ್ಷಕ್ಕೊಮ್ಮೆ ಕಾಣಿಕೆಯ ದಿನವೂ ಇದೆ. ಪ್ರತಿ ಮನೆ ಕೊಟ್ಟ ಮೊತ್ತವನ್ನು ಎಲ್ಲರೆದುರು ಓದುತ್ತಾರೆ. ಆಕ್ಲೆಂಡಿನಲ್ಲೋ ಸಿಡ್ನಿಯಲ್ಲೋ ದುಡಿಯುವ ಮಕ್ಕಳು ಅದಕ್ಕಾಗಿಯೇ ಹಣ ಕಳಿಸುತ್ತಾರೆ. ಬಡ ಮನೆಗಳಿಗೆ ಇದು ಭಾರವೇ, ಅದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ. ಆದರೆ ಕೊಟ್ಟವರ ಮುಖದಲ್ಲಿನ ಹೆಮ್ಮೆಯೂ ಸುಳ್ಳಲ್ಲ.

ಮೇ ತಿಂಗಳ ಮೊದಲ ಭಾನುವಾರ ಮಕ್ಕಳದು. ಹೊಸ ಬಿಳಿ ಬಟ್ಟೆ ತೊಟ್ಟು ಒಬ್ಬೊಬ್ಬರಾಗಿ ಮುಂದೆ ಬಂದು ಬೈಬಲಿನ ವಚನವನ್ನು ಬಾಯಿಪಾಠ ಒಪ್ಪಿಸುತ್ತಾರೆ, ಕಥೆಗಳನ್ನು ಆಡಿ ತೋರಿಸುತ್ತಾರೆ. ನಾನು ಕೂತಿದ್ದ ಬೆಂಚಿನ ಎದುರಿಗೆ ನಾಲ್ಕೈದು ವರ್ಷದ ಹುಡುಗನೊಬ್ಬ ಬಂದು ನಿಂತ. ಎರಡು ಪದ ಹೇಳಿ ಮೂರನೆಯದಕ್ಕೆ ತಡವರಿಸಿದ. ಹಿಂದಿನ ಸಾಲಿನಿಂದ ಅವನ ಅಜ್ಜಿ ಇಡೀ ಚರ್ಚಿಗೆ ಕೇಳುವಂತೆ ಆ ಪದವನ್ನು ಕೂಗಿದರು. ಹುಡುಗ ಅದಕ್ಕಿಂತ ಜೋರಾಗಿ ಕೂಗಿ, ಉಳಿದದ್ದನ್ನು ಒಂದೇ ಉಸಿರಿಗೆ ಮುಗಿಸಿ, ಓಡಿ ಹೋಗಿ ಅಜ್ಜಿಯ ಚಾಪೆಗೆ ಜೋತುಬಿದ್ದ. ಜನ ಬಾಯ್ತುಂಬ ನಕ್ಕರು. ಅಷ್ಟರಲ್ಲಿ ಅವನಿಗಿಂತ ಚಿಕ್ಕವಳೊಬ್ಬಳು ಬಂದು ಗಂಟಲು ಸರಿಮಾಡಿಕೊಂಡಿದ್ದಳು.